ಮೀಸೆ ಉದುರಿದ ವೀರಗಲ್ಲು

ಅಣ್ಣಿಗೇರಿಯಿಂದ ಶಲವಡಿ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರ್ ಕೂಡ ಒಮ್ಮೊಮ್ಮೆ ಸೀಟಿ ಊದಲು ಮರೆತು ದಾಟಿಹೋಗುವ ಊರು ನಮ್ಮದು. ಆದರೂ ನೋಡತಕ್ಕ ಸ್ಥಳಗಳಿವೆ. ಊರ ಹೆಬ್ಬಾಗಿಲಾದ ಅಗಸಿ ಇದೆ, ಅದಕ್ಕೆ ಬಾಗಿಲಿಲ್ಲ. ಹಿಂದೆ ಕಾವಲಿಗೆಂದು ಕಟ್ಟಿದ ಮಣ್ಣಿನ ಬುರುಜಾದ ಹುಡೇವು ಇದೆ; ಅದರ ನೆತ್ತಿ ಹತ್ತಿದರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುವುದರಿಂದ ಊರಿನ ಗುಟ್ಟಿನ ಪ್ರೇಮವೆಲ್ಲ ಅಲ್ಲಿ ಎಲ್ಲರಿಗೂ ಕಾಣುವಂತೆ ನಡೆಯುತ್ತದೆ. ಮತ್ತೆ, ನಮ್ಮ ಹೊಲದ ಬದುವಿನಲ್ಲಿ ನಿಂತ ವೀರಗಲ್ಲು.

ಆ ವೀರ ನಮ್ಮ ಮನೆತನದ ಹಿರಿಯ. ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರನ್ನು ಅಗಸಿಯಲ್ಲಿ ಒಬ್ಬನೇ ತಡೆದು ಸತ್ತನಂತೆ. ಈ ಕಥೆ ಹೇಳುವ ಹಕ್ಕು ದೊಡ್ಡಪ್ಪನದು. ದೊಡ್ಡಪ್ಪ ಹೇಳುವುದನ್ನು ಅಣಕಿಸುವ ಹಕ್ಕು ನನ್ನದು. ಒಂದು ಕೈ ಸೊಂಟಕ್ಕೆ, ಒಂದು ಕೈ ಮೀಸೆಗೆ, ಮುಂದಿನದು ನೆನಪಾಗದ ಕಡೆಯೆಲ್ಲ ದೊಡ್ಡ ಕೆಮ್ಮು. ಊರಿನವರು ನನ್ನನ್ನು ಮದುವೆಗೆ ಕರೆಯುವುದೇ ಆ ಕೆಮ್ಮಿಗಾಗಿ. ನಾನು ಬಿ.ಎ. ಪಾಸಾಗಿದ್ದೇನೆಂದರೆ ಅದನ್ನೂ ಅಣಕವೆಂದೇ ತಿಳಿದು ನಗುತ್ತಾರೆ.

ಆ ಕಲ್ಲಿನಿಂದ ನಮಗಿದ್ದ ಮರ್ಯಾದೆ ಒಂದೇ. ಕಾರ ಹುಣ್ಣಿಮೆಯ ಸಂಜೆ ಅಗಸಿಗೆ ಅಡ್ಡ ಬೇವಿನ ಸೊಪ್ಪಿನ ಹಗ್ಗ ಕಟ್ಟಿ, ಎತ್ತು ಓಡಿಸಿ ಕರಿ ಹರಿಯುವಾಗ ಮೊದಲ ಜೋಡಿ ನಮ್ಮ ಮನೆಯದು. ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾದರೂ ದೊಡ್ಡಪ್ಪ ಆ ಒಂದು ಸಂಜೆಗಾಗಿ ಜೋಡೆತ್ತು ಸಾಕಿಕೊಂಡಿದ್ದ. ಅವನಿಗೆ ಬೇರೆ ಮಕ್ಕಳೂ ಇರಲಿಲ್ಲ, ಬೇರೆ ಹೆಸರೂ ಇರಲಿಲ್ಲ.

ಪಂಚಾಯ್ತಿ ಮೆಂಬರನೂ ಎತ್ತು ಕೊಂಡ. ಕೊಂಡವನು ಮೊದಲ ಸರದಿ ಕೇಳದೆ ಸುಮ್ಮನಿದ್ದಾನೆಯೆ?

"ಕಾಕಾ, ಆ ಕಲ್ಲು ನಿಮ್ಮದಂತ ಯಾರ ಹೇಳ್ಯಾರ?" ಎಂದು ಚಹಾದ ಅಂಗಡಿಯಲ್ಲಿ ಕೇಳಿಬಿಟ್ಟ.

"ಕಲ್ಲ ಹೇಳತೈತಿ, ಬಾ" ಎಂದ ದೊಡ್ಡಪ್ಪ, ಹಳೆಯ ಅಕ್ಷರ ಓದಬಲ್ಲ ಕಾಲೇಜಿನ ಮೇಷ್ಟ್ರೊಬ್ಬರನ್ನು ತಾನೇ ಹೋಗಿ ಕರೆತಂದ.

ತಲೆಮಾರುಗಳ ಎಣ್ಣೆ, ಕುಂಕುಮ ಕುಳಿತು ಕಲ್ಲು ಹಲಸಿನ ಹಣ್ಣಿನಂತಾಗಿತ್ತು. ಅದಕ್ಕೆ ನಾವು ಬೆಳ್ಳಿಯ ಕಣ್ಣು, ಹಿತ್ತಾಳೆಯ ಮೀಸೆ ಅಂಟಿಸಿದ್ದೆವು. ದೊಡ್ಡಪ್ಪ ತನ್ನ ಕೈಯಾರೆ ಬಿಸಿನೀರು ಸುರಿದು, ಸಬಕಾರ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿದ. ಮೊದಲು ಮೀಸೆ ಉದುರಿತು. ಬೆಳ್ಳಿಯ ಕಣ್ಣುಗಳ ಕೆಳಗೆ ಸೂರ್ಯ, ಚಂದ್ರ. ಬುಡದ ಮಣ್ಣು ಕೆದರಿದಾಗ ನಾಲ್ಕು ಕಾಲು, ಎರಡು ಉದ್ದ ಕಿವಿ.

"ಕುದರಿ" ಎಂದ ದೊಡ್ಡಪ್ಪ.

ಮೇಷ್ಟ್ರು ಒಳ್ಳೆಯವರು, ಮೆಲ್ಲಗೆ ಹೇಳಿದರು. ಇದು ವೀರಗಲ್ಲಲ್ಲ, ಶಾಪದ ಕಲ್ಲು. ಕೆರೆಯ ಖರ್ಚಿಗೆ ಬಿಟ್ಟ ಈ ಹೊಲವನ್ನು ಯಾವನು ಕಸಿದುಕೊಳ್ಳುತ್ತಾನೋ ಅವನು ಕತ್ತೆಗೆ ಹುಟ್ಟಿದವನು ಎಂದು ಬರೆದಿದೆ.

ಎಲ್ಲರೂ ಹೊಲವನ್ನು ನೋಡಿದರು. ಆಮೇಲೆ ಅದರ ಮಾಲೀಕನನ್ನು ನೋಡಿದರು. ಮಾಲೀಕನ ಕೈಯಲ್ಲಿ ಇನ್ನೂ ನಾರು, ನೊರೆ.

"ಅಗದಿ ಬರೋಬರಿ ಆತು. ಕಲ್ಲ ಹೇಳೇಬಿಟ್ತು" ಎಂದ ಮೆಂಬರ್.

ನಮ್ಮೂರಿನವರು ದಯೆ ತೋರಿಸಿದ್ದಾರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮರುದಿನದಿಂದ ನಮ್ಮ ಮನೆಯ ಮುಂದೆ ಹಾಯುವವರೆಲ್ಲ ಒಂದು ಹಿಡಿ ಹುಲ್ಲು ಹಾಕಿ ಹೋದರು. ನನಗೂ ರಿಯಾಯಿತಿ ಸಿಗಲಿಲ್ಲ: "ಇಂವಾ ಎಲ್ಲಾರ ದನೀನೂ ತಗೀತಾನ, ತನ್ನ ದನಿ ಮಾತ್ರ ಈಗ ಸಿಕ್ಕೈತಿ ನೋಡ್ರಿ!" ನನ್ನನ್ನು ಕಂಡು ಕತ್ತೆಯಂತೆ ಕೂಗುವವರ ಬಾಯಿ ಮುಚ್ಚಿಸಲು ಅವರಿಗಿಂತ ಚೆನ್ನಾಗಿ ಅರಚಿ ತೋರಿಸಿದೆ. ಅದರಿಂದ ಮದುವೆಗಳ ಕರೆ ಹೆಚ್ಚಾಯಿತು.

ಹುಣ್ಣಿಮೆ ಬಂತು. ದೊಡ್ಡಪ್ಪ ಎಂದಿನಂತೆ ಎತ್ತಿನ ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಹೊಸ ಧೋತರ ಉಟ್ಟು ಅಗಸಿಗೆ ಬಂದ. ಅವನ ಜಾಗದಲ್ಲಿ ಒಂದು ಕತ್ತೆ ನಿಂತಿತ್ತು. ಊರಿನಲ್ಲಿ ಕತ್ತೆಗಳಿಲ್ಲದ್ದರಿಂದ ಮೆಂಬರ್ ಟೆಂಪೋ ಮಾಡಿ ತರಿಸಿದ್ದ. ಕಿವಿಗೆ ಬಣ್ಣ, ಕೊರಳಿಗೆ ಹೂವಿನ ಹಾರ.

"ಬರ್ರಿ ಕಾಕಾ, ಹಿರೇರು ಮುಂದ ನಿಂತಾರ, ನೀವು ಹಿಂದ ನಿಂದರ್ರಿ."

ದೊಡ್ಡಪ್ಪ ಹಿಂದೆ ನಿಂತ. ಕತ್ತೆ ಮಾತ್ರ ಅಲುಗಲಿಲ್ಲ. ಹಲಗೆ ಬಾರಿಸಿದರು, ಬಾಲ ತಿರುಚಿದರು. ಅದು ನಿಂತಲ್ಲೇ ನಿಂತು ಬೇವಿನ ಸೊಪ್ಪನ್ನು ನೋಡಿತು. ಹಿಂದಿನ ಎತ್ತುಗಳು ಬುಸುಗುಟ್ಟತೊಡಗಿದವು.

"ಲೇ, ನಿಮ್ಮ ಮನಿ ಮಾತು ನಿನಗ ಬರತೈತಲ್ಲ, ಕರಿಯಲೇ ಅದನ್ನ!" ಎಂದು ಮೆಂಬರ್ ನನ್ನನ್ನು ಮುಂದೆ ನೂಕಿದ.

ನಾನು ಅರಚಿದೆ. ಜನ ಬಿದ್ದು ಬಿದ್ದು ನಕ್ಕರು, ಮೊಬೈಲುಗಳು ಮೇಲೆದ್ದವು. ಕತ್ತೆ ನನ್ನತ್ತ ಒಮ್ಮೆ ನೋಡಿ ಮುಖ ತಿರುಗಿಸಿತು. ಬಂಧುಗಳೂ ಹಾಗೆಯೇ ಮಾಡುತ್ತಾರೆ.

ಆಗ ದೊಡ್ಡಪ್ಪ ತನ್ನ ಎತ್ತಿನ ಹಗ್ಗವನ್ನು ನನ್ನ ಕೈಗಿತ್ತು ಮುಂದೆ ಬಂದ. ಯಾರ ಮುಖವನ್ನೂ ನೋಡದೆ ಕತ್ತೆಯ ಹಗ್ಗವನ್ನು ಹೆಗಲಿಗೆ ಹಾಕಿ ಎಳೆದ. ಧೋತರ ಕೆಸರಾಯಿತು, ಟೊಪ್ಪಿಗೆ ಬಿತ್ತು. ಒಂದೊಂದೇ ಹೆಜ್ಜೆ ಎಳೆದುಕೊಂಡು ಹೋಗಿ ಎದೆಯಿಂದಲೇ ಅಡ್ಡ ಹಗ್ಗವನ್ನು ನೂಕಿದ. ಕರಿ ಹರಿಯಿತು. ಸೊಪ್ಪು ಅವನ ಕೊರಳಿಗೂ ಕತ್ತೆಯ ಕೊರಳಿಗೂ ಸುತ್ತಿಕೊಂಡಿತು.

"ಗೆದ್ದ! ಗೆದ್ದ!" ಎಂದು ಅಗಸಿ ಬಿರಿಯುವಂತೆ ಕೂಗಿದರು.

ಮೆಂಬರ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಬಂದ. "ಮುಂದಿನ ವರ್ಷನೂ ಮೊದಲ ನೀವರಿ ಕಾಕಾ. ಇದನ್ನ ನಾ ತರತೀನಿ, ಹಗ್ಗ ನೀವ ಹಿಡೀರಿ."

ದೊಡ್ಡಪ್ಪ ಏದುಸಿರು ಬಿಡುತ್ತ ಅವನನ್ನೇ ನೋಡಿದ.

"ಖರೇನ? ಮೊದಲು ನಮಗಽ?"

"ಹೌದ್ರಿ, ನಿಮಗಽ."

"ಮಾತು ಕೊಡ್ತೀಯೇನು?" ಎಂದು ದೊಡ್ಡಪ್ಪ ಕೈ ಚಾಚಿದ.