ಅತ್ತಿಗೆ ರೇಷ್ಮೆ ಬೇಯಿಸಿದ್ದು

ಸಿಡುಬಿಗೆ ದಾಕು, ಅಂದರೆ ಲಸಿಕೆ, ಹಾಕಲು ಬರುವ ಗಂಡಸರನ್ನು ಮದರಾಸಿನ ಎಷ್ಟೋ ಮನೆಗಳು ಜಗಲಿಯಿಂದಲೇ ವಾಪಸು ಕಳಿಸುತ್ತಿದ್ದ ಕಾಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಎಲ್ಲ ಬಗೆಯ ಮನೆಗಳ ಹೆಂಗಸರಿಗೂ ಸ್ಕಾಲರ್‌ಶಿಪ್ ಕೊಟ್ಟು ಈ ಕೆಲಸ ಕಲಿಸಬೇಕೆಂದು ಆರೋಗ್ಯ ಇಲಾಖೆಯ ಮೇಲಿನವರು ತೀರ್ಮಾನಿಸಿದರು. ಬೆಸ್ತರ ಕೇರಿಯಿಂದ ಒಬ್ಬಳು, ಗೋಷಾ ಪದ್ಧತಿಯ ಮನೆಯಿಂದ ಒಬ್ಬಳು, ರೈಲ್ವೆ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ ಒಬ್ಬಳು ಆಯ್ಕೆಯಾದರು. ಪರಪುರುಷರು ನಡುಮನೆ ದಾಟಬಾರದೆನ್ನುವ ಮಡಿವಂತರ ಪರವಾಗಿ ಹೋದವಳು ನಮ್ಮ ಅತ್ತಿಗೆ.

ಅತ್ತಿಗೆ ಎಂದರೆ ತೀರಿಕೊಂಡ ನನ್ನ ಅಣ್ಣನ ಹೆಂಡತಿ. ಪುರಸೈವಾಕ್ಕಂನ ಬಾಡಿಗೆ ಮನೆಯಲ್ಲಿ ಅಮ್ಮ, ಅವಳು ಮತ್ತು ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದ ನಾನು, ಮೂವರೇ. ಕುಂಭಕೋಣದ ಸೋದರಮಾವನಿಗೆ ಅವಳನ್ನು ತನ್ನ ಅಡುಗೆಮನೆಗೆ ಕರೆಸಿಕೊಳ್ಳುವ ಆಸೆ. "ಪರೀಕ್ಷೇಲಿ ಫೇಲಾದ್ರೆ ನಮ್ಮಲ್ಲಿಗೆ ಕಳಿಸು. ಮನೆ ತುಂಬಾ ಜನ, ಅವಳಿಗೆ ಬೇಜಾರೇ ಆಗಲ್ಲ," ಎಂದಿದ್ದ. ಅಮ್ಮ ಹೂಂ ಎಂದಿದ್ದಳು.

ತರಗತಿಯಲ್ಲಿ ಅತ್ತಿಗೆಗೆ ಕಷ್ಟವೇ ಆಗಲಿಲ್ಲ. ಬೇಯಿಸಿದ ಸೂಜಿಯನ್ನು ಮುಟ್ಟಬಾರದು ಎಂಬುದನ್ನು ಉಳಿದವರು ಕಲಿಯಬೇಕಾಗಿತ್ತು. ಇವಳು ಮುಟ್ಟದಿರುವುದರಲ್ಲೇ ಬೆಳೆದವಳು. ಪಾಠ ಹೇಳಿಕೊಡಲು ಹತ್ತಿರ ಬಂದ ಡಾಕ್ಟರಮ್ಮನಿಗೇ "ಸ್ವಲ್ಪ ಆಚೆ ನಿಂತುಕೊಳ್ಳಿ" ಎಂದಳಂತೆ. ನಾಗರಕೋಯಿಲಿನವರಾದ ಆ ಡಾಕ್ಟರಮ್ಮ, "ಇವಳನ್ನು ನೋಡಿ ಕಲೀರಿ," ಎಂದು ಎಲ್ಲರಿಗೂ ಹೇಳಿದರು. ತೊಂದರೆ ಶುರುವಾದದ್ದು ಆ ಮೆಚ್ಚುಗೆಯಿಂದ; ಡಾಕ್ಟರರ ಶುದ್ಧವೂ ತನ್ನ ಮಡಿಯೂ ಒಂದೇ ಎಂದು ಅತ್ತಿಗೆ ನಂಬಿಬಿಟ್ಟಳು.

ಕೊನೆಯ ಪರೀಕ್ಷೆ ತಿರುವೊಟ್ಟಿಯೂರಿನ ಸಮುದ್ರದಂಡೆಯಲ್ಲಿ, ಒಂದು ಗರಿಯ ಚಪ್ಪರದಡಿ. ಅಮ್ಮನ ಅಪ್ಪಣೆಯಂತೆ ನಾನು ಜೊತೆಗೆ ಹೋಗಿದ್ದೆ. ಮಕ್ಕಳನ್ನೆತ್ತಿಕೊಂಡ ಬೆಸ್ತರ ಹೆಂಗಸರು ಸಾಲಾಗಿ ನಿಂತಿದ್ದರು. ಅತ್ತಿಗೆ ಸ್ಟೌ ಮೇಲೆ ಸೂಜಿಗಳನ್ನು ಬೇಯಿಸಿದಳು. ಅವನ್ನು ಇಡಲು ಶುದ್ಧವಾದ ಬಟ್ಟೆ ಡಬ್ಬದಲ್ಲಿತ್ತು. ಆದರೆ ಡಬ್ಬದ ಮುಚ್ಚಳ ತೆಗೆದುಕೊಟ್ಟ ಜವಾನ ಇನ್ನೊಂದು ಕೈಯಲ್ಲಿ ವಡೆ ತಿನ್ನುತ್ತಿದ್ದ. ಅತ್ತಿಗೆ ಡಬ್ಬವನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಕೆಂಪು ರೇಷ್ಮೆಯ ತುಂಡೊಂದನ್ನು ತೆಗೆದು ಹಾಸಿದಳು.

"ಇದೇನು?" ಎಂದರು ಡಾಕ್ಟರಮ್ಮ.

"ಮಡಿ ಬಟ್ಟೆ. ನಮ್ಮತ್ತೆಯ ಧಾರೆ ಸೀರೇದು. ಪರೀಕ್ಷೆಗೆ ಅಂತ ಅವರೇ ಕೊಟ್ಟರು."

"ಯಾವಾಗ ಒಗೆದದ್ದು?"

"ರೇಷ್ಮೆಯನ್ನ ಯಾರು ಒಗೀತಾರೆ ಡಾಕ್ಟರಮ್ಮ? ಅದು ಯಾವಾಗಲೂ ಮಡಿಯೇ."

ಡಾಕ್ಟರಮ್ಮ ಸೀರೆಯ ವಯಸ್ಸನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದಂತೆ ಕಂಡಿತು. "ಒಂದೋ ಡಬ್ಬದ ಬಟ್ಟೆ ಹಾಸು, ಇಲ್ಲವೇ ಇದನ್ನೂ ಬೇಯಿಸು. ಎರಡೂ ಆಗಲ್ಲ ಅಂದ್ರೆ ಫೇಲು."

ಅತ್ತಿಗೆ ವಡೆಯನ್ನು ನೋಡಿದಳು, ರೇಷ್ಮೆಯನ್ನು ನೋಡಿದಳು. ಆಮೇಲೆ ರೇಷ್ಮೆಯನ್ನು ಕುದಿಯುವ ನೀರಿಗೆ ಹಾಕಿದಳು. ಬಣ್ಣ ಬಿಟ್ಟು ನೀರೆಲ್ಲ ಕೆಂಪಾಯಿತು.

"ರಕ್ತ," ಎಂದಳು ಸಾಲಿನ ಮುಂದಿದ್ದವಳು. ಅಷ್ಟು ಸಾಕಾಯಿತು, ಸಾಲು ಕರಗಿ ದೋಣಿಗಳ ಮರೆ ಸೇರಿತು.

"ಇವರು ವಾಪಸು ಬಂದರೆ ನೀನು ಪಾಸು," ಎಂದು ಡಾಕ್ಟರಮ್ಮ ಕುರ್ಚಿಯಲ್ಲಿ ಕುಳಿತರು.

ಅತ್ತಿಗೆ ಚಿಮಟದಲ್ಲಿ ರೇಷ್ಮೆಯನ್ನು ಹಿಡಿದೆತ್ತಿಕೊಂಡು ದೋಣಿಗಳ ಕಡೆ ನಡೆದಳು. ನಾನು ನಾಲ್ಕು ಹೆಜ್ಜೆ ಹಿಂದಿದ್ದೆ. "ರಕ್ತ ಅಲ್ಲಮ್ಮಾ, ಸೀರೆ ಬಣ್ಣ. ನಮ್ಮತ್ತೆ ಮದುವೆ ಸೀರೇನ ಬೇಯಿಸಿಬಿಟ್ಟೆ," ಎಂದಳು ತನ್ನ ಮನೆಯ ತಮಿಳಿನಲ್ಲಿ.

ದೋಣಿಯ ಹಿಂದಿನಿಂದ ಒಂದು ತಲೆ ಮೇಲೆದ್ದಿತು. "ಅತ್ತೆ ಇದಾಳಾ?"

"ಇದಾರೆ. ಸಂಜೆ ಮನೆಗೆ ಹೋಗಬೇಕು."

"ಗಟ್ಟಿಗಿತ್ತಿ ಕಣೇ ನೀನು," ಎಂದಿತು ಆ ತಲೆ. "ನಮ್ಮತ್ತೇದೂ ಒಂದಿದೆ, ತಂದುಕೊಡಲಾ?"

ನಗು ಒಂದು ದೋಣಿಯಿಂದ ಇನ್ನೊಂದಕ್ಕೆ ಹರಡಿತು. ಮೊದಲು ಸೊಸೆಯರು ಬಂದು ಸಾಲಿನಲ್ಲಿ ನಿಂತರು. ಅವರ ಮೇಲೆ ಒಂದು ಕಣ್ಣಿಡಲು ಅತ್ತೆಯರೂ ಬಂದರು. ಎಲ್ಲರಿಗೂ ದಾಕು ಹಾಕಿ ಅತ್ತಿಗೆ ಪಾಸಾದಳು.

ಮನೆಯಲ್ಲಿ ಅಮ್ಮ ಮುದುಡಿ ಹೋದ ತುಂಡನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಊಟಕ್ಕೆ ಬಡಿಸುವಾಗ ಅತ್ತಿಗೆಯ ಎಲೆಗೆ ತುಪ್ಪ ಹಾಕಿದಳೋ ಇಲ್ಲವೋ ನಾನು ಗಮನಿಸಲಿಲ್ಲ.

ಭಾನುವಾರ ಸೋದರಮಾವ ಬಂದ. ರೇಷ್ಮೆಯ ಮಗುಟ ಉಟ್ಟು ಮಡಿಯಲ್ಲಿ ಊಟ ಮುಗಿಸಿ, ಅದರಲ್ಲೇ ಕೂತು ಮಾತು ತೆಗೆದ. "ಪಾಸಾಯ್ತಲ್ಲ, ಆಸೆ ತೀರಿತು. ಕೆಲಸ ಗಿಲಸ ಎಲ್ಲ ಯಾಕೆ? ಇನ್ನು ನನ್ನ ಜೊತೆ ಕಳಿಸು."

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ಅಮ್ಮ ಒಳಗೆ ಹೋಗಿ ರೇಷ್ಮೆಯ ತುಂಡು ತಂದು ಅವನ ಮುಂದಿಟ್ಟಳು.

"ಅಣ್ಣಾ, ಇದು ನನ್ನ ಧಾರೆ ಸೀರೆ. ಇವಳು ಸೂಜಿ ಜೊತೆ ಬೇಯಿಸಿದಾಳೆ. ನಿನ್ನ ಮನೇಲಿ ರೇಷ್ಮೆ ಎಷ್ಟಿದೆ?"

ಸೋದರಮಾವ ತುಂಡನ್ನು ನೋಡಿ, ತಾನು ಉಟ್ಟದ್ದನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡ. ಇಂಥವಳಿಂದ ಸಾರ್ವಜನಿಕರಿಗೆ ಉಪಯೋಗವಾಗುವುದೇ ಮೇಲು ಎಂದು ಕಾಫಿ ಕುಡಿಯುತ್ತ ಒಪ್ಪಿಕೊಂಡ. ಸಂಜೆಯ ರೈಲಿಗೆ ಒಬ್ಬನೇ ಹೋದ.

ಅಮ್ಮ ದೂರು ಹೇಳಿದಳೋ ಉಪಾಯ ಮಾಡಿದಳೋ ನನಗೆ ಇಂದಿಗೂ ಖಚಿತವಿಲ್ಲ. ಸೋಮವಾರ ಬೆಳಿಗ್ಗೆ ಅತ್ತಿಗೆ ಚೀಲ ಹಿಡಿದು ಕೆಲಸಕ್ಕೆ ಹೊರಟಾಗ ಒಳಗಿನಿಂದ ಅಮ್ಮನ ದನಿ ಮಾತ್ರ ಕೇಳಿಸಿತು: "ಇವತ್ತು ಏನು ಬೇಯಿಸ್ತೀಯ, ಹೇಳಿ ಹೋಗು."