ಶಟರ್ ಇಳಿದಾಗ ಕಾಣುವ ಸಾಲು

ಬೀದಿದೀಪಗಳು ಇನ್ನೂ ಆರಿಲ್ಲ. ಮಾರುಕಟ್ಟೆಯ ಓಣಿಯಲ್ಲಿ ಈ ಹೊತ್ತಿಗೆ ಇರುವುದು ಎರಡು ನಾಯಿ, ಸೈಕಲ್ ತಳ್ಳಿಕೊಂಡು ಪೇಪರ್ ಹಾಕುವವನು, ಮತ್ತು ಒಂದು ಏಣಿ. ಏಣಿಯ ಮೇಲೆ ಬಣ್ಣದಕ್ಕ. ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಹಿಡಿಕೆ ಮುರಿದ ಟೀ ಕಪ್ಪಿನ ತುಂಬ ಕಂದು ಬಣ್ಣ, ಹಲ್ಲಿನ ನಡುವೆ ಮತ್ತೊಂದು ಸಣ್ಣ ಬ್ರಷ್. ದರ್ಜಿಯ ಅಂಗಡಿಯ ಶಟರ್ ಮೇಲೆ ಬಕೆಟ್ ಹಿಡಿದು ನಿಂತಿರುವ ಮುದುಕನ ಮಾಸಿದ ಕಣ್ಣಿಗೆ ಹೊಳಪು ತುಂಬುತ್ತಿದ್ದಾರೆ. ಕೆಳಗೆ ಏಣಿ ಹಿಡಿದು ನಿಂತವರು ಅವರ ನಾದಿನಿ. ಏಣಿಗಿಂತ ಆಕಳಿಕೆಯನ್ನು ಹಿಡಿಯುವುದೇ ಅವರಿಗೆ ಕಷ್ಟವಾಗಿದೆ.

"ಅತ್ತಿಗೆ, ಆ ಮುದುಕ ಬದುಕಿದ್ದಾಗಲೂ ಅವನ ಕಣ್ಣು ಇಷ್ಟು ಹೊಳೀತಿರ್ಲಿಲ್ಲ. ಇಳೀರಿ ಸಾಕು."

"ಏಣಿ ಅಲ್ಲಾಡಿಸಬೇಡ. ಮೆಳ್ಳಗಣ್ಣಾದ್ರೆ ಅವನ ಮಗ ಸುಮ್ನಿರ್ತಾನಾ? ನಿನ್ನ ಬಟ್ಟೆ ಅವನ ಹತ್ರಾನೇ ಹೊಲಿಯೋಕೆ ಬಿದ್ದಿದೆ, ನೆನಪಿರಲಿ."

ಅಂಗಡಿಯವರು ಬಂದು ಶಟರ್ ಎತ್ತುವ ಮೊದಲು ಬಣ್ಣ ಒಣಗಬೇಕು. ಎತ್ತಿದರೆ ಮುದುಕ ಸುರುಳಿ ಸುತ್ತಿಕೊಂಡು ಮೇಲಕ್ಕೆ ಹೋಗುತ್ತಾನೆ. ಅವನ ಹಿಂದೆಯೇ ಪಕ್ಕದ ಅಂಗಡಿಯ ಇಬ್ಬರು ಹೆಂಗಸರು, ಅದರಾಚೆಯ ಎಡಚ ಅಡುಗೆಯವನು, ಚಪ್ಪಲಿ ಅಂಗಡಿಯ ಮೇಲಿನ ಪೊಲೀಸಪ್ಪ, ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಮಾಯ. ಓಣಿ ಪೂರ್ತಿ ಎದ್ದ ಮೇಲೆ ಅಲ್ಲಿ ಚಿತ್ರವಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ವ್ಯಾಪಾರಕ್ಕೆ ಬರುವ ಬಹುಪಾಲು ಜನ ಇದನ್ನು ನೋಡಿಯೇ ಇಲ್ಲ. ನೋಡಿದವರು ಕಸ ಗುಡಿಸುವವರು, ಹಾಲಿನವರು, ನಿದ್ದೆ ಬಾರದ ಹಿರಿಯರು.

"ನನ್ನ ಗಿರಾಕಿಗಳೆಲ್ಲ ಬೇಗ ಏಳೋರು," ಎಂದು ಬಣ್ಣದಕ್ಕ ನಗುತ್ತಾರೆ. "ಸೋಮಾರಿಗಳಿಗೆ ನಾನು ಚಿತ್ರ ಬರೆಯೋದಿಲ್ಲ."

ಐವತ್ತು ದಾಟಿದ ಈಕೆ ಬೋರ್ಡ್ ಬರೆಯುತ್ತಿದ್ದ ಅಪ್ಪನ ಮಗಳು. ಅಕ್ಷರಕ್ಕೆ ನೆರಳು ಕೊಡುವುದನ್ನು, ಬಗ್ಗಿದ ತಗಡಿನ ಮೇಲೆ ನೇರ ಗೆರೆ ಎಳೆಯುವುದನ್ನು ಅಪ್ಪನ ಮಗ್ಗುಲಲ್ಲಿ ಕೂತೇ ಕಲಿತರು. ಮುದ್ರಿಸಿದ ಫ್ಲೆಕ್ಸ್ ಬಂದು ಕೈಬರಹದ ಬೋರ್ಡುಗಳ ಹೊಟ್ಟೆಗೆ ಹೊಡೆಯಿತು. ಅಪ್ಪ ಬ್ರಷ್ ಕೆಳಗಿಟ್ಟರು, ಮಗಳು ಇಡಲಿಲ್ಲ. ಗೇಟು, ಕಿಟಕಿ, ನೀರಿನ ಟ್ಯಾಂಕಿ, ಯಾವುದಕ್ಕೆ ಕರೆದರೂ ಹೋದರು, ಈಗಲೂ ಹಗಲಿಡೀ ಅದೇ ಕೆಲಸ. ಗಂಡ ಬೆಳಗಿನ ಪಾಳಿಯ ಬಸ್ ಚಾಲಕ. ಇಬ್ಬರೂ ಕತ್ತಲಲ್ಲೇ ಮನೆ ಬಿಡುತ್ತಾರೆ.

ಶಟರ್ ಚಿತ್ರ ಶುರುವಾದದ್ದು ದರ್ಜಿಯಿಂದ. ಅಂಗಡಿಯ ಹೆಸರು ಬರೆಯಲು ಕರೆದವನು, "ಜಾಗ ಉಳಿದಿದೆಯಲ್ಲಕ್ಕ, ಬೆಂಕಿ ಬಿದ್ದ ದಿನ ನಮ್ಮಪ್ಪ ಬಕೆಟ್ ಹಿಡಿದು ನಿಂತಿದ್ನಲ್ಲ, ಅದನ್ನ ಬರೀರಿ" ಎಂದ. ಬರೆದರು. ಮರುದಿನ ಪಕ್ಕದ ಅಂಗಡಿಯವನು ಸೊಂಟಕ್ಕೆ ಕೈಯಿಟ್ಟುಕೊಂಡು ಬಂದ: "ಯಾಕಕ್ಕ, ನಮ್ಮಜ್ಜಿ ಏನು ಕಮ್ಮಿ? ಅವರಪ್ಪನ ಕೈಗೆ ಆ ಬಕೆಟ್ ಕೊಟ್ಟಿದ್ದೇ ಅವಳು!" ಹೀಗೆ ಬಕೆಟ್ ಒಂದು ಶಟರಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಯಿತು.

ಆ ಬೆಂಕಿ ಈ ಓಣಿಯ ದೊಡ್ಡ ಕಥೆ. ಸುಮಾರು ನಲವತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಓಣಿಯ ಕೊನೆಯ ಗೋಣಿಚೀಲದ ಗೋದಾಮು ಹೊತ್ತಿಕೊಂಡಿತು. ಅಗ್ನಿಶಾಮಕದ ವಾಹನ ಒಳಗೆ ಬರುವಷ್ಟು ಅಗಲ ಓಣಿಗಿರಲಿಲ್ಲ. ಆಚೆ ತುದಿಯ ನೀರಿನ ತೊಟ್ಟಿಯಿಂದ ಈಚೆ ತುದಿಯ ಬೆಂಕಿಯವರೆಗೆ ಜನ ಅಂಗಡಿಗಳಿಗೆ ಬೆನ್ನು ಹಾಕಿ ಸಾಲಾಗಿ ನಿಂತು, ಮನೆಯಿಂದ ತಂದ ಬಕೆಟ್ಟು, ಡಬ್ಬ, ಚರಿಗೆ, ಕೈಗೆ ಸಿಕ್ಕಿದ್ದರಲ್ಲಿ ನೀರು ದಾಟಿಸಿದರು. ಗೋದಾಮು ಸುಟ್ಟಿತು, ಓಣಿ ಉಳಿಯಿತು.

ಬಣ್ಣದಕ್ಕನ ಕಟ್ಟಳೆ ಒಂದೇ. ಯಾರು ಯಾವ ಅಂಗಡಿಯ ಮುಂದೆ ನಿಂತಿದ್ದರೋ ಆ ಶಟರ್ ಮೇಲೆಯೇ ಅವರ ಚಿತ್ರ. ಒಬ್ಬರ ಮಾತು ಸಾಲದು, ಇಬ್ಬರು ಹೌದೆನ್ನಬೇಕು. ಹಿರಿಯರನ್ನು ಕರೆತಂದು ಅದೇ ಜಾಗದಲ್ಲಿ ನಿಲ್ಲಿಸಿ, ಯಾವ ಕೈಯಲ್ಲಿ ತೆಗೆದುಕೊಂಡಿರಿ, ಯಾವ ಕಡೆ ತಿರುಗಿದಿರಿ ಎಂದು ಮಾಡಿಸಿ ನೋಡುತ್ತಾರೆ. ಎಂಬತ್ತರ ಮುದುಕರು ಖಾಲಿ ಕೈಯಲ್ಲಿ ಇಲ್ಲದ ಬಕೆಟ್ ಎತ್ತಿ ಕೊಡುತ್ತಾರೆ. ಅಡುಗೆಯವನು ಎಡಚ, ಅವನಿಂದ ಸಾಲು ಎಡವುತ್ತಿತ್ತು ಎಂದು ಮೂವರು ದೂರಿದ್ದಾರೆ. ಚಿತ್ರದಲ್ಲೂ ಅವನ ಪಕ್ಕದವಳ ಮೇಲೆ ನೀರು ಚೆಲ್ಲಿದೆ.

ಶಟರ್ ಗೋಡೆಯಂತಲ್ಲ. ಪಟ್ಟಿ ಪಟ್ಟಿ ಜೋಡಿಸಿದ ಕಬ್ಬಿಣ. ಸಂದಿಗಳು ದಿನಾ ಉಜ್ಜುತ್ತವೆ. "ಕಣ್ಣು ಪಟ್ಟಿಯ ನಡುವೆ ಬರಬೇಕು. ಸಂದಿಗೆ ಬಂದ್ರೆ ವರ್ಷದೊಳಗೆ ಕುರುಡು," ಎನ್ನುತ್ತಾರೆ. ಮೊದಲ ವರ್ಷ ಅದು ತಿಳಿಯದೆ ನಾಲ್ಕು ಜನ ಮೂಗು ಕಳೆದುಕೊಂಡರು. ಒಮ್ಮೆಯಂತೂ ದರ್ಜಿ ಅವಸರಕ್ಕೆ ಹಸಿ ಶಟರ್ ಎತ್ತಿಬಿಟ್ಟ. ಸಂಜೆ ಒಳಗಿನಿಂದ ಅರ್ಧ ಇಳಿಸಿ ನೋಡಿದರೆ ಅಪ್ಪನ ಮೀಸೆ ಶಟರಿನ ಹಿಂಬದಿಗೆ ಅಚ್ಚಾಗಿ ಕೂತಿದೆ. "ಅಪ್ಪ ಅಂಗಡಿ ಲೆಕ್ಕ ನೋಡೋಕೆ ಒಳಗೆ ಬಂದಿದ್ದಾನೆ" ಎಂದು ಓಣಿಯೆಲ್ಲ ನಕ್ಕಿತು. ದರ್ಜಿ ಅದನ್ನು ಒರೆಸಲು ಬಿಡಲಿಲ್ಲ.

ಇಷ್ಟಾದರೂ ಸಾಲು ಪೂರ್ತಿಯಾಗಿರಲಿಲ್ಲ. ನಡುಮಧ್ಯದಲ್ಲಿ, ಪಾತ್ರೆಯಂಗಡಿಯ ಶಟರ್ ಎರಡು ವರ್ಷ ಬರೀ ನೀಲಿ. ಬಕೆಟ್ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಕಾರಣ ಊರಿಗೆಲ್ಲ ಗೊತ್ತು. ಬೆಂಕಿಯ ದಿನ ಜನ ಪಾತ್ರೆಗಾಗಿ ಪರದಾಡುವಾಗ, ಅಟ್ಟದವರೆಗೆ ಬಕೆಟ್ ಪೇರಿಸಿದ್ದ ಆ ಅಂಗಡಿಯ ಶಟರ್ ಮುಚ್ಚಿತ್ತು. ಈಗಿನ ಯಜಮಾನ ಆಗಿನ ಯಜಮಾನನ ಮಗ. ಬಣ್ಣದಕ್ಕ ಕೇಳಲು ಹೋದಾಗ ಅವರು ಒಂದು ಷರತ್ತು ಹಾಕಿದರು. "ನಮ್ಮಪ್ಪ ಬಕೆಟ್ ಹಂಚುತ್ತಿರೋ ಹಾಗೆ ಬರೆಯೋದಾದ್ರೆ ಬರೀರಿ."

"ಅವರು ಹಂಚಲಿಲ್ಲವಲ್ಲ ಯಜಮಾನ್ರೇ."

"ಹಾಗಾದ್ರೆ ನನ್ನ ಶಟರ್ ನೀಲಿನೇ ಇರಲಿ."

ಇದು ಬಣ್ಣದಕ್ಕನಿಗೆ ಬರೀ ಓಣಿಯ ವಿಷಯವಲ್ಲ. ಅವರ ಅತ್ತೆ ಆ ದಿನ ನಿಂತಿದ್ದು ಸರಿಯಾಗಿ ಆ ಶಟರಿನ ಮುಂದೆ. ಎಂಬತ್ತೈದರ ಅತ್ತೆಗೆ ಒಂದು ಕಣ್ಣು ಹೋಗಿದೆ, ಇನ್ನೊಂದು ಮಂಜಾಗುತ್ತಿದೆ. ಉಳಿದಿರುವುದನ್ನು ಉಳಿಸಿಕೊಳ್ಳುವ ಭರವಸೆ ವೈದ್ಯರಿಗೂ ಇಲ್ಲ. "ಊರವರನ್ನೆಲ್ಲ ಬರೆದೆ. ನನ್ನ ಯಾವಾಗ ಬರೀತೀಯೇ? ನಾನು ಕುರುಡಿ ಆದ್ಮೇಲಾ?" ಎಂದು ದಿನಾ ಕುಟುಕುತ್ತಿದ್ದರು.

ನಾದಿನಿ ಉಪಾಯ ಹೇಳಿದರು: "ಅಮ್ಮನ್ನ ಪಕ್ಕದ ಅಂಗಡಿ ಮೇಲೆ ಬರೆದುಬಿಡಿ ಅತ್ತಿಗೆ. ಒಂದು ಮಾರು ಆಚೆ ಈಚೆ, ಯಾರು ಅಳೀತಾರೆ?" ಉತ್ತರ ಬಂದದ್ದು ಒಳಕೋಣೆಯಿಂದ: "ನಾನು ಅಲ್ಲಿ ನಿಂತಿರ್ಲಿಲ್ಲ!"

ಬೇರೆಯವರ ಉಪಾಯ ಇನ್ನೂ ಚುರುಕು. ಹೇಗೂ ಕತ್ತಲಲ್ಲಿ ಬರೆಯುತ್ತೀರಿ, ಹೇಳದೆ ಬರೆದುಬಿಡಿ, ಬೆಳಗಾದ ಮೇಲೆ ಅವನೇನು ಮಾಡುತ್ತಾನೆ? ಬಣ್ಣದಕ್ಕ ತಲೆ ಮೇಲೆ ತಲೆ ಬಿದ್ದರೂ ಒಪ್ಪಲಿಲ್ಲ. "ಅದು ಅವರ ಬಾಗಿಲು. ಸುಳ್ಳು ಬರೆಯೋದಿಲ್ಲ ಅಂತ ಅವರಿಗೆ ಹೇಳಿದ್ದೀನಿ. ಹಾಗಂತ ಕದ್ದು ನಿಜ ಬರೆಯೋಕೆ ಹೋಗೋದಾ?" ಆದರೆ ಹಟ ಬಿಡಲಿಲ್ಲ. ತಿಂಗಳಿಗೊಮ್ಮೆ ಹೋಗಿ ಕೇಳುವುದು, ಯಜಮಾನರು ತಲೆ ಅಲ್ಲಾಡಿಸುವುದು, ಇವರು ಒಂದು ಚಮಚ ಕೊಂಡುಕೊಂಡು ಬರುವುದು. "ಬರಿಗೈಲಿ ಬರಬಾರದಲ್ಲ. ನಮ್ಮ ಮನೇಲಿ ಈಗ ಜನಕ್ಕಿಂತ ಚಮಚ ಜಾಸ್ತಿ."

ಈಚೆಗೆ ಒಂದು ನಸುಕಿನಲ್ಲಿ ಬಂದು ನೋಡಿದರೆ ಆ ನೀಲಿ ಶಟರ್ ಮೇಲೆ ಯಾರೋ ಇದ್ದಿಲಿನಲ್ಲಿ ಗೀಚಿದ್ದರು: 'ಅವತ್ತೂ ಮುಚ್ಚಿತ್ತು.' ಬಣ್ಣದಕ್ಕ ತಮ್ಮ ಕೆಲಸ ಬಿಟ್ಟು, ಸೋಪಿನ ನೀರು ತಂದು ಅದನ್ನು ಉಜ್ಜತೊಡಗಿದರು. ಅರ್ಧ ಉಜ್ಜಿದ್ದಾಗ ಹಿಂದೆ ಯಜಮಾನರು ನಿಂತಿದ್ದರು.

"ಯಾರು ಬರೆದಿದ್ದು?"

"ಗೊತ್ತಿಲ್ಲ. ನನ್ನ ಅಕ್ಷರ ಇಷ್ಟು ಕೆಟ್ಟದಾಗಿಲ್ಲ."

"ಬಿಡಿ," ಎಂದು ಅವರು ಮೆಟ್ಟಿಲ ಮೇಲೆ ಕೂತರು. "ಸುಳ್ಳೇನೂ ಬರೆದಿಲ್ಲ." ಅಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. "ನಾನೂ ಒಳಗಿದ್ದೆ. ಸಣ್ಣ ಹುಡುಗ. ಅಂಗಡಿ ದೋಚ್ತಾರೆ ಅಂತ ಅಪ್ಪ ಹೆದರಿಬಿಟ್ರು. ಶಟರ್ ಎಳೆದು ಒಳಗಿಂದ ಕೊಂಡಿ ಹಾಕಿದ್ರು. ಜನ ತಟ್ತಾನೇ ಇದ್ರು, ದಡ್ ದಡ್ ಅಂತ. ಒಂದೊಂದು ಸಲಕ್ಕೂ ಒಳಗಿನ ಪಾತ್ರೆಯೆಲ್ಲ ಅದುರೋವು. ಅಪ್ಪ ಕಿವಿ ಮುಚ್ಕೊಂಡು ಕೂತಿದ್ರು. ಆಮೇಲೆ ಸಾಯೋವರೆಗೂ, ಊಟಕ್ಕೆ ಕೂತಾಗ ಯಾರಾದ್ರೂ ಬಾಗಿಲು ತಟ್ಟಿದ್ರೆ ತುತ್ತು ಕೈಯಲ್ಲೇ ನಿಂತುಬಿಡ್ತಿತ್ತು. ಅಷ್ಟು ಸಲ ತಟ್ಟಿದ್ರು, ನಾನು ತೆಗೀಲಿಲ್ಲ ಅನ್ನೋರು."

ಬಣ್ಣದಕ್ಕ ಮನೆಗೆ ಹೋಗಿ ಇದನ್ನು ಹೇಳಿದಾಗ ಅತ್ತೆ ಹಾಸಿಗೆಯಿಂದ ಎದ್ದು ಕೂತರು. "ತಟ್ಟಿದ್ರಾ? ಯಾರು ತಟ್ಟಿದ್ರು? ಕರ್ಕೊಂಡು ಹೋಗ್ರೇ ನನ್ನ ಅಲ್ಲಿಗೆ." ಸೊಸೆ ಒಂದು ಕಡೆ, ಮಗಳು ಒಂದು ಕಡೆ ಹಿಡಿದು ಅಂದೇ ಪಾತ್ರೆಯಂಗಡಿಗೆ ಕರೆದುಕೊಂಡು ಬಂದರು. ಅಜ್ಜಿ ಕುರ್ಚಿಯಲ್ಲಿ ಕೂತು, ಯಜಮಾನರ ಕೈ ಹುಡುಕಿ ಹಿಡಿದುಕೊಂಡರು.

"ಮಗಾ, ಯಾರೂ ತಟ್ಟಲಿಲ್ಲ ಕಣೋ. ಅದು ನನ್ನ ಮೊಣಕೈ. ಬಕೆಟ್ ತಗೊಂಡು ತಿರುಗೋವಾಗೆಲ್ಲ ನಿಮ್ಮ ಶಟರಿಗೆ ಬಡೀತಿತ್ತು. ವಾರ ಪೂರ್ತಿ ಊದಿಕೊಂಡಿತ್ತು."

ಯಜಮಾನರು ಅಜ್ಜಿಯ ಮೊಣಕೈಯನ್ನೇ ನೋಡಿದರು.

"ತಟ್ಟಬೇಕಿತ್ತು," ಎಂದು ಅಜ್ಜಿ ಮುಂದುವರಿಸಿದರು. "ಒಂದು ಸಲ ತಟ್ಟಿ, ಅಣ್ಣಾ ಬಕೆಟ್ ಕೊಡು ಅಂತ ಕೇಳಬೇಕಿತ್ತು. ಕೊಡ್ತಿದ್ನೋ ಇಲ್ವೋ. ಇವನೆಲ್ಲಿ ಕೊಡ್ತಾನೆ ಅಂತ ನಾವೇ ತೀರ್ಮಾನ ಮಾಡ್ಕೊಂಡ್ವಿ. ಆಮೇಲೆ ಕೊಡಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ವಿ."

ಯಜಮಾನರು ಎದ್ದು ಹೋಗಿ ಸರಿಯಾಗಿಯೇ ಇದ್ದ ಪಾತ್ರೆಗಳನ್ನು ಒಂದಷ್ಟು ಹೊತ್ತು ಸರಿಮಾಡಿದರು. ತಿರುಗಿ ನೋಡದೆಯೇ ಅಂದರು: "ಬರೀರಿ ಅಕ್ಕ. ಶಟರ್ ಮುಚ್ಚಿರೋ ಹಾಗೇ ಬರೀರಿ. ಆ ಮೊಣಕೈ ಮಾತ್ರ ಎಲ್ಲರಿಗೂ ಕಾಣಬೇಕು."

ಒಪ್ಪಿಗೆ ಸಿಕ್ಕಿದ ಮೇಲೂ ಓಣಿಯ ಬಾಯಿ ಸುಮ್ಮನಿರಲಿಲ್ಲ. ಒಳ್ಳೆಯ ಚಿತ್ರದ ನಡುವೆ ಮುಚ್ಚಿದ ಬಾಗಿಲು ಯಾಕೆ, ನೋಡಿದವರು ಏನಂದುಕೊಂಡಾರು ಎಂದು ದರ್ಜಿಯೇ ಮೂಗು ಮುರಿದ. "ಬಕೆಟ್ ದಾಟಿಸಿದ್ದೂ ನಮ್ಮ ಓಣಿನೇ, ಬಾಗಿಲು ಮುಚ್ಚಿದ್ದೂ ನಮ್ಮ ಓಣಿನೇ," ಎಂದು ಬಣ್ಣದಕ್ಕ ಪ್ರೈಮರ್ ಡಬ್ಬದ ಮುಚ್ಚಳ ಕಿತ್ತರು. "ನಿಮ್ಮಪ್ಪನ ಮೀಸೆ ನಿಜವಾಗ್ಲೂ ಅಷ್ಟು ದಪ್ಪ ಇತ್ತಾ ಅಂತ ನಾನು ಕೇಳಿದ್ನಾ?"

ವಾರದ ರಜೆಯ ದಿನ, ಇಡೀ ಓಣಿ ಮುಚ್ಚಿದ್ದಾಗ, ಈ ಕೆಲಸ ನಡೆದಿದೆ. ಶಟರಿನ ಮೇಲೆ ಇನ್ನೊಂದು ಶಟರ್. ಅದರ ಒಂದೊಂದು ಪಟ್ಟಿಗೂ ನೆರಳು, ಕೊಂಡಿಯ ತೂತಿನ ಸುತ್ತ ತುಕ್ಕು. ಅದರ ಮುಂದೆ ನಲವತ್ತೈದರ ಒಬ್ಬ ಹೆಂಗಸು, ಬಕೆಟ್ಟಿನ ಭಾರಕ್ಕೆ ಒಂದು ಕಡೆ ವಾಲಿದ್ದಾಳೆ. ಎಡಗಡೆಯ ಅಂಗಡಿಯಿಂದ ಬಂದ ನೀರು ಅವಳ ಕೈಯಿಂದ ಬಲಗಡೆಯ ಅಂಗಡಿಗೆ ಹೋಗುತ್ತಿದೆ. ಮೊಣಕೈ ಹಿಂದಿನ ತಗಡಿಗೆ ತಾಗಿದೆ. ಅದು ಸಂದಿಗೆ ಬರಬಾರದೆಂದು ಬಣ್ಣದಕ್ಕ ಮೂರು ಸಲ ಒರೆಸಿ ಬರೆದಿದ್ದಾರೆ.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಅತ್ತೆಯನ್ನು ಕರೆತಂದಾಗ ಯಜಮಾನರು ಆಗಲೇ ಬಂದಿದ್ದಾರೆ. ಕೈಯಲ್ಲಿ ಬೀಗದ ಕೈ ಇದೆ, ಬೀಗ ಮುಟ್ಟಿಲ್ಲ. ಅಜ್ಜಿಗಾಗಿ ಸ್ಟೂಲ್ ತಂದಿಟ್ಟಿದ್ದಾರೆ. ಅಜ್ಜಿ ಕೂರುವುದಿಲ್ಲ. ಶಟರಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಉಳಿದ ಒಂದು ಕಣ್ಣನ್ನು ಕಿರಿದು ಮಾಡಿ, ಪಟ್ಟಿಯಿಂದ ಪಟ್ಟಿಗೆ ಮೆಲ್ಲಗೆ ಸಾಗುತ್ತಾರೆ. ಬಕೆಟ್, ಕೈ, ಮೊಣಕೈ, ಹೆಗಲು, ಮುಖ. ನಾದಿನಿ ಆಕಳಿಸುವುದನ್ನೂ ಮರೆತಿದ್ದಾರೆ.

"ಏನೇ ಇದು! ನನ್ನ ಹೊಟ್ಟೆ ಇಷ್ಟು ದಪ್ಪ ಇತ್ತಾ? ಕೂದಲು ನೋಡು, ಹಕ್ಕಿಗೂಡು! ನಾಲ್ಕು ಜನ ನೋಡೋ ಬೀದೀಲಿ ನಿಲ್ಲಿಸೋಕೆ ಮೊದಲು ತಲೆ ಬಾಚೋಣ ಅಂತ ಅನ್ನಿಸ್ಲಿಲ್ವಾ ನಿನಗೆ?"

ಯಜಮಾನರು ಗಾಬರಿಯಿಂದ ಬಣ್ಣದಕ್ಕನ ಮುಖ ನೋಡುತ್ತಾರೆ. ಆಕೆ ಬ್ರಷ್ ಒರೆಸುತ್ತಾ ನಗುತ್ತಿದ್ದಾರೆ.

"ಬೈದ್ರಲ್ಲ, ಸಾಕು," ಎನ್ನುತ್ತಾರೆ. "ಬೇರೆ ಯಾರೋ ಅಂತ ಅನ್ನಿಸಿದ್ದಿದ್ರೆ, ಚೆನ್ನಾಗಿದೆ ಅಂತಿದ್ರು."