ಯಂತ್ರಕ್ಕೆ ಬಂದ ಸಿಟ್ಟು

ಹುಕ್ಕೇರಿಯ ಶಾಲೆಯಿಂದ ನಿವೃತ್ತನಾದ ಮೇಲೆ ನಾನು ಬರೆದದ್ದು ಒಂದೇ ಕಾದಂಬರಿ. ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕಾದರೆ ಸರಕಾರದ ಪರವಾನಗಿ ಬೇಕಾಗುವ ಕಾಲದ ಕಥೆ. ಒಂಟಿ ಮುದುಕಿಯೊಬ್ಬಳ ಜೊತೆಗಿರಲೆಂದು ಕೊಟ್ಟ ಯಂತ್ರವೇ ಅದನ್ನು ಹೇಳುತ್ತದೆ. ಅದಕ್ಕೆ ಹಸಿವಿಲ್ಲ, ಸಿಟ್ಟಿಲ್ಲ, ಕಂಡದ್ದನ್ನು ಕಂಡಂತೆ ಹೇಳುವುದಷ್ಟೇ ಅದರ ಕೆಲಸವೆಂದು ಮೊದಲ ಪುಟದಲ್ಲೇ ಬರೆದಿದ್ದೆ.

ಅಚ್ಚಿಗೆ ಕೊಡುವ ಮೊದಲು ಅಕ್ಕನ ಒಪ್ಪಿಗೆ ಬೇಕಿತ್ತು. ಬಾಲ್ಯದಿಂದಲೂ ನನ್ನ ಬರಹದ ಸುಳ್ಳನ್ನು ಹಿಡಿದವಳು ಅವಳೊಬ್ಬಳೇ. ಅವಳು ಬೇಡವೆಂದರೆ ಆರು ವರ್ಷದ ಕೆಲಸವನ್ನು ಗಂಟು ಕಟ್ಟಿ ಇಡುವುದೆಂದು ನಿಶ್ಚಯಿಸಿದ್ದೆ. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಅವಳು ಓದುವಂತಿರಲಿಲ್ಲ. ಆದ್ದರಿಂದ ಗೋಕಾಕದಿಂದ ದಿನವೂ ಬಸ್ಸಿನಲ್ಲಿ ಮೂಡಲಗಿಗೆ ಹೋಗಿ, ಅವಳ ಪಡಸಾಲೆಯಲ್ಲಿ ಕುಳಿತು ಓದಿದೆ. ನಾಲ್ಕನೆಯ ದಿನಕ್ಕೆ ಗಂಟಲೂ ಸೊಂಟವೂ ಸೋತಿದ್ದವು.

ಅಂದಿನ ಅಧ್ಯಾಯದಲ್ಲಿ ಯಂತ್ರವು ಮುದುಕಿಯ ಔಷಧಿ ತರಲು ಒಂದು ಮನೆಗೆ ಹೋಗಿ, ಹೊಸ್ತಿಲಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ‘ಚಹಾ ಕುಡಿದು ಹೋಗು ಎಂದು ಆ ಮನೆಯವರು ಬಾಯಿಮಾತಿಗೂ ಅನ್ನಲಿಲ್ಲ. ಇದನ್ನು ನಾನು ಮರೆಯಲಾರೆ’ ಎನ್ನುತ್ತದೆ.

ಅಕ್ಕ ಕೈಯೆತ್ತಿದಳು. “ತಡಿ. ಚಾ ಕುಡಿಯಾಕ ಬಾಯಿನ ಇಲ್ಲದ ಮಷೀನಿಗೆ ಯಾಕ ಸಿಟ್ಟು ಬಂತೋ ತಮ್ಮಾ?”

ಆ ಸಾಲನ್ನು ಮತ್ತೊಮ್ಮೆ ಓದಿಕೊಂಡೆ. ನಮ್ಮ ಕಡೆ, ಕುಡಿಯಲಿ ಬಿಡಲಿ, ಬಂದವರನ್ನು ಚಹಾ ಕೇಳದೆ ಕಳಿಸುವುದಿಲ್ಲ. ಆ ಅವಮಾನವನ್ನು ಯಂತ್ರದ ತಲೆಗೆ ಕಟ್ಟಿದ್ದೆ. ಇಷ್ಟು ಸಲ ತಿದ್ದಿದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ಇದು ನಮ್ಮ ಮನೀನ,” ಎಂದಳು ಅಕ್ಕ. “ಹೆಡ್‌ಮಾಸ್ತರ ಆದ ಸುದ್ದಿ ಹೇಳಾಕ ಬಂದಿದ್ದಿ ನೋಡು, ಅವತ್ತ.”

“ಮಂಗಳವಾರ. ಮಧ್ಯಾಹ್ನ. ಬಾಗಲದಾಗ ನಿಂದ್ರಿಸಿ ಕಳಿಸಿದಿ.”

“ಮನ್ಯಾಗ ಹಾಲ ಇರಲಿಲ್ಲೋ. ಕರೀ ಚಾ ಕೊಟ್ಟಿದ್ರ ಅದನ್ನೂ ನೆನಪ ಇಟಗೋತಿದ್ದಿ. ಖರೆ ಹೇಳು, ಇಲ್ಲೇನು?”

ಇಟ್ಟುಕೊಳ್ಳುತ್ತಿದ್ದೆ. ಚಹಾದ ಬಣ್ಣ, ಕಪ್ಪಿನ ಅಂಚಿನ ಬಿರುಕು ಸಹಿತ. ಆದರೂ, ಹಾಲಿಲ್ಲವೆಂದು ಅಂದೇ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಹದಿನೇಳು ವರ್ಷ ಹೊತ್ತು ತಿರುಗಿದ್ದೇನೆ.

“ಹಂಗಾರ ಇದನ್ನ ಕಟ್ಟಿ ಇಡಲೇನು?” ಎಂದು ಕೇಳಿದೆ.

“ಯಾಕ? ಆ ಮುದುಕಿ ಉಳೀತಾಳೋ ಇಲ್ಲೋ ನನಗ ಗೊತ್ತಾಗಬೇಕು. ಆ ಮನಿಯವರದೂ ಒಂದ ಮಾತ ಹಾಕಿ, ಅಚ್ಚಿಗೆ ಕೊಡು. ಈಗ ಮುಂದ ಓದು.”

ಪೆನ್ನು ತೆಗೆದು ಅಂಚಿನಲ್ಲಿ ಬರೆದೆ: ‘ಆ ಮನೆಯಲ್ಲಿ ಅಂದು ಹಾಲಿರಲಿಲ್ಲವೆಂದು ಬಹಳ ತಡವಾಗಿ ತಿಳಿಯಿತು.’ ಹಳೆಯ ಸಾಲನ್ನು ಹೊಡೆದುಹಾಕಲಿಲ್ಲ. ಅದೂ ಖರೆಯೇ.